ಕನಕಪುರದಲ್ಲಿ ಪ್ಲಗ್ ಸಿಗುತ್ತಾ? ರೇವಾ ಕಾಲದಿಂದ ಮೈಸೂರು ಹೆದ್ದಾರಿವರೆಗೆ

ಜಯನಗರದಿಂದ ಮೈಸೂರಿಗೆ ಎಲೆಕ್ಟ್ರಿಕ್ ಕಾರಲ್ಲಿ ಹೊರಡೋರ ಮನೆಯ ಮಾತು ಕೇಳಿದ್ದೀರಾ? ತಿಂಡಿ ಎಲ್ಲಿ ಅನ್ನೋದಕ್ಕೆ ಮೊದಲು ಚಾರ್ಜ್ ಎಲ್ಲಿ ಅನ್ನೋ ಪ್ರಶ್ನೆ ಬರುತ್ತೆ. ಮೊಬೈಲ್‌ನಲ್ಲಿ ಎರಡು ಮೂರು ಆಪ್ ತೆಗೆದು, ಬಿಡದಿ ಹತ್ತಿರ ಇದೆಯಾ, ಮದ್ದೂರಲ್ಲಿ ಇದೆಯಾ, ಇದ್ದರೂ ಕೆಲಸ ಮಾಡ್ತಿದೆಯಾ ಅಂತ ನೋಡ್ತಾರೆ. ಇದೇನೋ ಹೊಸ ತಲೆನೋವು ಅನ್ನಿಸಬಹುದು. ಆದರೆ ನಮ್ಮ ಬೆಂಗಳೂರಿಗೆ ಈ ಲೆಕ್ಕಾಚಾರ ಇಪ್ಪತ್ತು ವರ್ಷಕ್ಕೂ ಹಳೆಯದು.

2001ರಲ್ಲಿ ಬೆಂಗಳೂರಿನ ರಸ್ತೆಗೆ ರೇವಾ ಬಂತು. ಎರಡು ಬಾಗಿಲಿನ ಪುಟ್ಟ ಕಾರು, ತಯಾರಾಗುತ್ತಿದ್ದದ್ದು ಇಲ್ಲೇ ಬೊಮ್ಮಸಂದ್ರದಲ್ಲಿ. ಇದರ ಹಿಂದಿದ್ದ ಚೇತನ್ ಮೈನಿ 1990ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸೋಲಾರ್ ಕಾರ್ ತಂಡದಲ್ಲಿದ್ದವರು. ಇದೇ ಕಾರು ಲಂಡನ್ನಿಗೆ ಹೋಗಿ ಜಿ-ವಿಜ್ ಅಂತ ಹೆಸರು ಮಾಡಿತು. ಅಲ್ಲಿ 2003ರಲ್ಲಿ ಶುರುವಾದ ಕಂಜೆಶನ್ ಶುಲ್ಕ ಎಲೆಕ್ಟ್ರಿಕ್ ಕಾರಿಗೆ ಇರಲಿಲ್ಲ ನೋಡಿ!

ರೇವಾದ ಸೀಟಿನಡಿ ಇದ್ದದ್ದು ಎಂಟು ಲೆಡ್ ಆಸಿಡ್ ಬ್ಯಾಟರಿಗಳು. ಪೂರ್ತಿ ಚಾರ್ಜ್ ಆದರೆ ಕಂಪನಿಯ ಲೆಕ್ಕದಲ್ಲಿ 80 ಕಿ.ಮೀ. ಪೂರ್ತಿ ತುಂಬೋಕೆ 8 ಗಂಟೆ, ಶೇ. 80ರಷ್ಟು ತುಂಬೋಕೆ ಸುಮಾರು ಎರಡೂವರೆ ಗಂಟೆ. ಬೇಕಾಗಿದ್ದದ್ದು ಗೀಸರ್‌ಗೆ ಹಾಕ್ತೀವಲ್ಲ, ಆ 15 ಆಂಪಿಯರ್ ಸಾಕೆಟ್, ಅಷ್ಟೇ. ಜಯನಗರ, ಬನಶಂಕರಿಯ ಹಳೇ ಸ್ವಂತ ಮನೆಗಳಿಗೆ ಹೇಳಿ ಮಾಡಿಸಿದ ಕಾರು ಅಂತ ನನಗನ್ನಿಸುತ್ತೆ. ಪೋರ್ಟಿಕೋ ಇದೆ, ಸ್ವಂತ ಮೀಟರ್ ಇದೆ, ಕಿಟಕಿಯಿಂದ ಒಂದು ವೈರ್ ಎಳೆದರೆ ಮುಗೀತು.

ಊರು ದಾಟಬೇಕು ಅಂದಾಗ ಕಥೆನೇ ಬೇರೆ. ಬನಶಂಕರಿಯಿಂದ ಕನಕಪುರಕ್ಕೆ ಸುಮಾರು 50 ಕಿ.ಮೀ. ಹೋಗಿಬರೋದು 100. ಕಾರು ಓಡೋದು 80. ಅಂದರೆ ಕನಕಪುರದಲ್ಲಿ ನೆಂಟರ ಮನೆ ಇರಬೇಕು, ಅವರ ಮನೆಯಲ್ಲಿ 15 ಆಂಪಿಯರ್ ಪ್ಲಗ್ ಇರಬೇಕು, ಊಟ ಮಾಡಿ ಒಂದು ನಿದ್ದೆ ತೆಗೆಯುವಷ್ಟು ಹೊತ್ತು ಅಲ್ಲಿರಬೇಕು, ಆ ಹೊತ್ತಲ್ಲಿ ಕರೆಂಟೂ ಹೋಗಬಾರದು. ಆಗಿನ ಲೋಡ್ ಶೆಡ್ಡಿಂಗ್ ನೆನಪಿರೋರಿಗೆ ಈ ಕೊನೇ ಷರತ್ತು ಎಷ್ಟು ದೊಡ್ಡದು ಅಂತ ಗೊತ್ತು. ಚಾರ್ಜಿಂಗ್ ಸ್ಟಾಪ್ ಅಂದರೆ ಆಗ ಪರಿಚಯದವರ ಮನೆ. ನಕ್ಷೆಗಿಂತ ನೆಂಟಸ್ತನ ಮುಖ್ಯ.

ಇದರಲ್ಲೊಂದು ತಮಾಷೆ ಇದೆ. ಇದೇ ಸೀಮೆಯಲ್ಲಿ 1902ರಲ್ಲೇ ಶಿವನಸಮುದ್ರದ ಕರೆಂಟು ತಂತಿ ಮೇಲೆ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿ ಮುಟ್ಟಿತ್ತು. ಬೆಂಗಳೂರು–ಮೈಸೂರು ಹಳೇ ರಸ್ತೆ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ. ತಂತಿ ಮೇಲೆ ಕರೆಂಟು ಅಷ್ಟು ದೂರ ಹೋಗಿ ನೂರು ವರ್ಷ ಆದಮೇಲೂ ಅದನ್ನು ಕಾರಿನಲ್ಲಿ ತುಂಬಿಕೊಂಡು ಮೈಸೂರು ಮುಟ್ಟೋಕಾಗಿರಲಿಲ್ಲ.

2010ರಲ್ಲಿ ರೇವಾ ಕಂಪನಿಯನ್ನು ಮಹೀಂದ್ರಾ ಕೊಂಡಿತು. 2013ರಲ್ಲಿ ಇ2ಒ ಬಂತು, ಲಿಥಿಯಂ ಬ್ಯಾಟರಿ, 100 ಕಿ.ಮೀ. ಪರವಾಗಿಲ್ಲ, ಆದರೆ ಮೈಸೂರು ಇನ್ನೂ ದೂರ.

ಹಾಗಾದರೆ ದಾರಿ ಮಧ್ಯೆ ಒಬ್ಬ ಹೋಟೆಲಿನವರು ಸಾಕೆಟ್ ಹಾಕಿ ಯೂನಿಟ್ಟಿಗಿಷ್ಟು ಅಂತ ದುಡ್ಡು ತಗೊಳ್ಳಬಹುದಿತ್ತಲ್ಲ? ಇಲ್ಲೇ ಇರೋದು ನನಗೆ ಮುಖ್ಯ ಅನ್ನಿಸಿದ ವಿಷಯ. 2003ರ ವಿದ್ಯುತ್ ಕಾಯ್ದೆ ಪ್ರಕಾರ ಕರೆಂಟು ಮಾರೋಕೆ ಲೈಸೆನ್ಸ್ ಬೇಕು. ಕಾರಿಗೆ ಚಾರ್ಜ್ ಮಾಡಿಕೊಡೋದು ಕರೆಂಟು ಮಾರಿದ ಹಾಗಾ? ಈ ಗೊಂದಲ ವರ್ಷಗಟ್ಟಲೆ ಹಾಗೇ ಇತ್ತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಸ್ಪಷ್ಟನೆ ಕೊಟ್ಟಿತು: ಚಾರ್ಜಿಂಗ್ ಅಂದರೆ ವಿದ್ಯುತ್ತನ್ನು ಬ್ಯಾಟರಿಯಲ್ಲಿ ರಾಸಾಯನಿಕ ಶಕ್ತಿಯಾಗಿ ಮಾಡಿ ಕೂಡಿಡುವ ಸೇವೆ, ಅದು ಮಾರಾಟ ಅಲ್ಲ, ಲೈಸೆನ್ಸ್ ಬೇಡ. ಅದೇ ಡಿಸೆಂಬರ್‌ನ ಮಾರ್ಗಸೂಚಿಯಲ್ಲಿ ನಗರದೊಳಗೆ 3 ಕಿ.ಮೀ.ಗೆ 3 ಕಿ.ಮೀ. ಚೌಕದಲ್ಲೊಂದು, ಹೆದ್ದಾರಿಯ ಎರಡೂ ಬದಿ 25 ಕಿ.ಮೀ.ಗೊಂದು ಸ್ಟೇಷನ್ ಇರಬೇಕು ಅಂತ ಬಂತು. ಬ್ಯಾಟರಿ ಸುಧಾರಿಸಿದ್ದನ್ನು ಎಲ್ಲರೂ ಹೇಳ್ತಾರೆ, ಈ ಎರಡು ಕಾಗದದ ಬಗ್ಗೆ ಯಾರೂ ಮಾತಾಡಲ್ಲ. ಪ್ಲಗ್‌ಗಾಗಿ ನೆಂಟರನ್ನು ಹುಡುಕೋದು ತಪ್ಪಿದ್ದರಲ್ಲಿ ಅವುಗಳ ಪಾಲೂ ದೊಡ್ಡದಿದೆ.

ಕರ್ನಾಟಕ ಸ್ವಲ್ಪ ಮುಂದಿತ್ತು ಅನ್ನಿ. ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. 2018ರ ಫೆಬ್ರವರಿಯಲ್ಲಿ ಬೆಸ್ಕಾಂ ಕೆ.ಆರ್. ಸರ್ಕಲ್ಲಿನ ತನ್ನ ಕಚೇರಿ ಆವರಣದಲ್ಲೇ ಮೊದಲ ಸ್ಟೇಷನ್ ತೆರೆಯಿತು.

2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಬಂತು, ಕಾಗದದ ಮೇಲೆ 312 ಕಿ.ಮೀ. ಮೈಸೂರಿಗೆ ಹೋಗಿಬರೋದು ಸುಮಾರು 290. ನಡೆದುಹೋಯ್ತು ಅಂದುಕೊಂಡ್ರಾ? ಪರೀಕ್ಷೆಯ ಲೆಕ್ಕ ಬೇರೆ, ರಸ್ತೆಯ ಲೆಕ್ಕ ಬೇರೆ. ವೇಗ 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತೆ. ಇನ್ನೊಂದು, ಬೆಂಗಳೂರು ಇರೋದು ಸುಮಾರು 920 ಮೀಟರ್ ಎತ್ತರದಲ್ಲಿ, ಮೈಸೂರು ಸುಮಾರು 770. ಹೋಗುವಾಗ ಒಟ್ಟಾರೆ ಇಳಿಜಾರು, ಬರುವಾಗ ಏರು. ಅದಕ್ಕೇ ಸ್ಟಾಪ್ ಬೇಕಾಗೋದು ಹೋಗುವ ದಾರಿಯಲ್ಲಲ್ಲ, ಮೈಸೂರಲ್ಲಿ ಇಲ್ಲಾ ವಾಪಸ್ ಬರುವಾಗ. ಫಾಸ್ಟ್ ಚಾರ್ಜರ್‌ನಲ್ಲಿ ಶೇ. 80 ದಾಟಿದ ಮೇಲೆ ತುಂಬೋ ವೇಗ ಇಳಿಯುತ್ತೆ. ಪೂರ್ತಿ ತುಂಬಲಿ ಅಂತ ಕೂತರೆ ಹೊತ್ತೂ ಹಾಳು, ಹಿಂದೆ ಕಾಯ್ತಿರೋರ ಬೈಗುಳವೂ ಸಿಗುತ್ತೆ.

ಮನೆಯಿಂದ ಪೂರ್ತಿ ತುಂಬಿಸಿಕೊಂಡು ಹೊರಡಬೇಕಲ್ಲ, ಅದೇ ಈಗ ಕಷ್ಟ. ಜೆ.ಪಿ. ನಗರ, ಬಿ.ಟಿ.ಎಂ. ಲೇಔಟಿನಲ್ಲಿ ಹೆಚ್ಚಿನವರು ಅಪಾರ್ಟ್‌ಮೆಂಟ್, ಬಾಡಿಗೆ ಮನೆಗಳಲ್ಲಿರೋರು. ಪಾರ್ಕಿಂಗ್ ಕೆಳಗೆ, ಮೀಟರ್ ಇನ್ನೆಲ್ಲೋ, ವೈರ್ ಎಳೆಯೋಕೆ ಅಸೋಸಿಯೇಷನ್ ಒಪ್ಪಬೇಕು, ಇಲ್ಲಾ ಓನರ್ ಒಪ್ಪಬೇಕು. 2001ರ ಪೋರ್ಟಿಕೋದಲ್ಲಿ ಈ ಜಗಳ ಇರಲಿಲ್ಲ.

ಕೊನೇದಾಗಿ ರಸ್ತೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬೈಪಾಸ್ ಮಾಡುತ್ತೆ. ತಟ್ಟೆ ಇಡ್ಲಿ, ಮದ್ದೂರು ವಡೆ, ಬೊಂಬೆ ಅಂಗಡಿಗಳು ನಂಬಿದ್ದದ್ದು ದಾರಿಹೋಕರನ್ನೇ. ಪೆಟ್ರೋಲ್ ಕಾರು ಈಗ ಅವರನ್ನು ನೋಡದೆ ಹೋಗಬಹುದು. ಎಲೆಕ್ಟ್ರಿಕ್ ಕಾರು ಮಾತ್ರ ಎಲ್ಲಾದರೂ ಅರ್ಧ ಮುಕ್ಕಾಲು ಗಂಟೆ ನಿಲ್ಲಬೇಕಾಗಬಹುದು. ಆ ಚಾರ್ಜರ್ ಮದ್ದೂರಿನ ಹಳೇ ಹೋಟೆಲಿನ ಅಂಗಳದಲ್ಲಿರುತ್ತೋ, ಬೈಪಾಸಿನ ಹೊಸ ಫುಡ್ ಕೋರ್ಟಿನಲ್ಲಿರುತ್ತೋ, ಅದು ಈಗ ತೀರ್ಮಾನ ಆಗ್ತಾ ಇದೆ. ಮುಖ್ಯ ರಸ್ತೆಯಿಂದ ಬೇಕಾದಲ್ಲಿ ಇಳಿಯೋಕಾಗಲ್ಲ. ಹಾಗಾಗಿ ಮದ್ದೂರಲ್ಲೇ ನಿಲ್ಲಬೇಕು ಅನ್ನೋರು ಎಕ್ಸಿಟ್ ಯಾವುದು ಅಂತ ಹೊರಡೋ ಮುಂಚೆನೇ ನೋಡಿಟ್ಟುಕೊಳ್ಳಿ.