ನಾಗಪುರದ ಯುವಜನಾಭಿವೃದ್ಧಿ: ಸಮುದಾಯ ನೇತೃತ್ವ ಮತ್ತು ಕಾರ್ಪೊರೇಟ್ ಸ್ವಯಂಸೇವೆಯ ಇತಿಹಾಸ

ಒಂದು ಬಡಾವಣೆಯ ಜನರು ತಮ್ಮ ಕೊರತೆಗಳನ್ನು ತಾವೇ ಗುರುತಿಸಿ, ಅವುಗಳಿಗೆ ಪರಿಹಾರವನ್ನು ತಾವೇ ನಿರ್ಧರಿಸಿ, ಅದರ ನಿರ್ವಹಣೆಯನ್ನೂ ತಮ್ಮ ಕೈಯಲ್ಲೇ ಉಳಿಸಿಕೊಳ್ಳುವ ಕ್ರಮಕ್ಕೆ ಸಮುದಾಯ ನೇತೃತ್ವದ ಅಭಿವೃದ್ಧಿ ಎಂದು ಹೆಸರು. ಉದ್ಯಮ ಸಂಸ್ಥೆಯೊಂದರ ನೌಕರರು ಸಂಸ್ಥೆಯ ಪ್ರೋತ್ಸಾಹದಿಂದ ತಮ್ಮ ಸಮಯವನ್ನೋ ವೃತ್ತಿಕೌಶಲವನ್ನೋ ಪ್ರತ್ಯೇಕ ಸಂಭಾವನೆಯಿಲ್ಲದೆ ಸಮಾಜಕಾರ್ಯಕ್ಕೆ ನೀಡುವುದು ಕಾರ್ಪೊರೇಟ್ ಸ್ವಯಂಸೇವೆ. ಬಡತನ, ಜಾತಿ, ವಲಸೆ ಅಥವಾ ಶಾಲೆಯಿಂದ ಹೊರಗುಳಿದ ಕಾರಣದಿಂದ ಅವಕಾಶವಂಚಿತರಾದ ಯುವಜನರ ವಿಷಯದಲ್ಲಿ ಈ ಎರಡು ಧಾರೆಗಳು ಬೇರೆ ಬೇರೆ ಕಾಲದಲ್ಲಿ ಹುಟ್ಟಿ, ಒಮ್ಮೊಮ್ಮೆ ಕೂಡಿ, ಒಮ್ಮೊಮ್ಮೆ ಪರಸ್ಪರ ದೂರವಾಗಿ ಹರಿದುಬಂದಿರುವುದನ್ನು ಮಹಾರಾಷ್ಟ್ರದ ನಾಗಪುರದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಕಳಮನಾ ಪರಿಸರ

ನಾಗಪುರದ ಪೂರ್ವಭಾಗದಲ್ಲಿರುವ ಕಳಮನಾ ಆ ನಗರದ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಮುಖ್ಯ ಪ್ರಾಂಗಣಕ್ಕೂ ರೈಲು ಸರಕು ಸಾಗಣೆಗೂ ಹೆಸರಾದ ಪ್ರದೇಶ. ವಿದರ್ಭದ ಕಿತ್ತಳೆ, ಮೆಣಸಿನಕಾಯಿ ಮತ್ತು ದವಸಧಾನ್ಯ ಇಲ್ಲಿಗೆ ಬಂದು ಬೇರೆ ರಾಜ್ಯಗಳಿಗೆ ಹೋಗುತ್ತವೆ. ಮೂಟೆಗಳನ್ನು ಹೊತ್ತು, ಇಳಿಸಿ, ತೂಗುವ ಕೆಲಸವೆಲ್ಲ ಹಮಾಲರದು. ವಿದರ್ಭದ ಹಳ್ಳಿಗಳಿಂದಲೂ ನೆರೆಯ ಮಧ್ಯಪ್ರದೇಶ, ಛತ್ತೀಸಗಡಗಳಿಂದಲೂ ಕೂಲಿಗಾಗಿ ಬಂದವರು ಪೂರ್ವ ಮತ್ತು ಉತ್ತರ ನಾಗಪುರದ ಬಸ್ತಿಗಳಲ್ಲಿ, ಅಂದರೆ ಬಡಜನರ ವಸತಿಪ್ರದೇಶಗಳಲ್ಲಿ, ನೆಲೆಸಿದರು. 2011ರ ಜನಗಣತಿಯ ವೇಳೆಗೆ ನಗರದ ಜನಸಂಖ್ಯೆ ಸುಮಾರು 24 ಲಕ್ಷವಿದ್ದು, ಅದರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಕೊಳೆಗೇರಿಗಳಲ್ಲಿ ವಾಸಿಸುತ್ತಿದ್ದರು. ಹಮಾಲರ ಹೋರಾಟದ ಫಲವಾಗಿ ಬಂದ 1969ರ ಮಹಾರಾಷ್ಟ್ರ ಮಾಥಾಡಿ, ಹಮಾಲ ಮತ್ತು ಇತರ ದೈಹಿಕ ಶ್ರಮಿಕರ ಕಾಯಿದೆಯು ಕಾರ್ಮಿಕರು, ಮಾಲೀಕರು ಮತ್ತು ಸರ್ಕಾರದ ಪ್ರತಿನಿಧಿಗಳಿರುವ ಮಂಡಳಿಗಳ ಮೂಲಕ ಕೂಲಿ ಪಾವತಿಯನ್ನೂ ಭವಿಷ್ಯನಿಧಿಯನ್ನೂ ಕ್ರಮಕ್ಕೆ ತಂದಿತು. ಆದರೆ ಈ ಕಾಯಿದೆಯ ರಕ್ಷಣೆ ನೋಂದಾಯಿತ ದುಡಿಮೆಗಾರನಿಗೆ ಸಂಬಂಧಿಸಿದ್ದು. ಅವನ ಮಕ್ಕಳ ಶಿಕ್ಷಣ ಮತ್ತು ಉದ್ಯೋಗದ ಪ್ರಶ್ನೆಗೆ ಉತ್ತರವನ್ನು ಬೇರೆಡೆ ಹುಡುಕಬೇಕಾಗಿತ್ತು.

ಗಿರಣಿಯ ಕಲ್ಯಾಣಕಾರ್ಯ

ನಾಗಪುರದಲ್ಲಿ ಉದ್ಯಮಕ್ಕೂ ಬಸ್ತಿಗೂ ನಡುವಿನ ಸಂಬಂಧದ ಮೊದಲ ಅಧ್ಯಾಯ ಎಂಪ್ರೆಸ್ ಗಿರಣಿಯದು. ಜಮ್ಶೇಟ್‌ಜಿ ಟಾಟಾ ಅವರು ಸ್ಥಾಪಿಸಿದ ಈ ಹತ್ತಿ ಗಿರಣಿ 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಘೋಷಿಸಿದ ದಿನವೇ ಆರಂಭವಾಯಿತು. ಕಾನೂನಿನ ಒತ್ತಾಯವಿಲ್ಲದಿದ್ದ ಕಾಲದಲ್ಲೇ ಇಲ್ಲಿ 1886ರಲ್ಲಿ ಪಿಂಚಣಿ ನಿಧಿಯೂ 1895ರಲ್ಲಿ ಅಪಘಾತ ಪರಿಹಾರದ ವ್ಯವಸ್ಥೆಯೂ ಜಾರಿಗೆ ಬಂದವು. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಿರಣಿಯ ವೆಚ್ಚದಲ್ಲಿ ವೈಎಂಸಿಎ ಸಂಸ್ಥೆಯು ಕಾರ್ಮಿಕರ ಬಸ್ತಿಗಳಲ್ಲಿ ಕಲ್ಯಾಣಕಾರ್ಯ ನಡೆಸಿತು. ಹಣ ಒಂದು ಕಂಪನಿಯದು, ಕೆಲಸ ಒಂದು ಸೇವಾಸಂಸ್ಥೆಯದು, ಫಲಾನುಭವಿ ಬಸ್ತಿ ಎಂಬ ಈ ಮೂರು ಮುಖದ ಏರ್ಪಾಡು ಇಂದಿನ ಕಾರ್ಪೊರೇಟ್ ಯೋಜನೆಗಳ ಪೂರ್ವರೂಪವೆನ್ನಬಹುದು. ಅದರ ಮಿತಿಯೂ ಅಲ್ಲೇ ಇತ್ತು: ಏನು ಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಬಸ್ತಿಯವರಿಗೆ ಇರಲಿಲ್ಲ, ಗಿರಣಿಗಳು ಇಳಿಮುಖವಾಗಿ ಮುಚ್ಚಿಹೋದಾಗ ಅವುಗಳನ್ನು ನೆಚ್ಚಿದ್ದ ಕಲ್ಯಾಣವೂ ನಿಂತಿತು.

ಬಸ್ತಿಯೊಳಗಿನ ಸಂಘಟನೆ

ಅದೇ ಅವಧಿಯಲ್ಲಿ ನಗರದ ದಲಿತ ಸಮುದಾಯ ತನ್ನದೇ ಸಂಸ್ಥೆಗಳನ್ನು ಕಟ್ಟತೊಡಗಿತ್ತು. ಗಿರಣಿ ಕಾರ್ಮಿಕರ ನಡುವೆ ದುಡಿದ ಸುಧಾರಕ ಕಿಸನ್ ಫಾಗೋಜಿ ಬನಸೋಡೆ 1901ರಲ್ಲಿ ಸನ್ಮಾರ್ಗಬೋಧಕ ನಿರಾಶ್ರಿತ ಸಮಾಜವನ್ನು ಸ್ಥಾಪಿಸಿದರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ‘ಮಜೂರ್ ಪತ್ರಿಕಾ’ ಮೊದಲಾದ ಪತ್ರಿಕೆಗಳನ್ನು ನಡೆಸಿದರು. ರೈಲು ನಿಲ್ದಾಣದಲ್ಲಿ ಹೊರೆ ಹೊತ್ತು ಬದುಕಿದ ಜಾಯಿಬಾಯಿ ಚೌಧರಿ ಅವರು ಮಿಶನರಿಯೊಬ್ಬರ ನೆರವಿನಿಂದ ಶಿಕ್ಷಕಿಯಾಗಿ, ಮೇಲ್ಜಾತಿಯವರ ವಿರೋಧದಿಂದ ಆ ಕೆಲಸವನ್ನು ಕಳೆದುಕೊಂಡ ಮೇಲೆ, 1922ರಲ್ಲಿ ಪಂಢರಪುರದ ವಿಠ್ಠಲಭಕ್ತ ಸಂತಕವಿ ಚೋಖಾಮೇಳಾನ ಹೆಸರಿನಲ್ಲಿ ಕನ್ಯಾಶಾಲೆಯನ್ನು ಆರಂಭಿಸಿದರು. ಹೊರೆ ಹೊರುವವರ ಮಕ್ಕಳಿಗೆ ಶಾಲೆಯನ್ನು ಆ ವರ್ಗದವರೇ ಕಟ್ಟಿದ ಈ ಪ್ರಸಂಗ ಸಮುದಾಯ ನೇತೃತ್ವ ಎಂಬ ಪರಿಕಲ್ಪನೆ ಅಭಿವೃದ್ಧಿ ಶಾಸ್ತ್ರದ ಪುಸ್ತಕಗಳಿಗೆ ಬರುವುದಕ್ಕೆ ಎಷ್ಟೋ ಮುಂಚಿನದು.

1920ರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರ ಅಧ್ಯಕ್ಷತೆಯಲ್ಲಿ ನಾಗಪುರದಲ್ಲಿ ನಡೆದ ಬಹಿಷ್ಕೃತ ವರ್ಗಗಳ ಪರಿಷತ್ತು, 1942ರಲ್ಲಿ ಇಲ್ಲೇ ರೂಪುಗೊಂಡ ಪರಿಶಿಷ್ಟ ಜಾತಿಗಳ ಒಕ್ಕೂಟ, 1956ರ ಅಕ್ಟೋಬರ್ 14ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರು ಲಕ್ಷಾಂತರ ಅನುಯಾಯಿಗಳೊಡನೆ ಇದೇ ನಗರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ ಘಟನೆ, ಇವೆಲ್ಲ ಈ ಸಂಘಟನೆಯನ್ನು ಬಲಪಡಿಸಿದವು. ಬಸ್ತಿಗಳ ಬುದ್ಧವಿಹಾರಗಳು ಪ್ರಾರ್ಥನೆಯ ಸ್ಥಳಗಳಾಗಿದ್ದಂತೆಯೇ ಓದುವ ಕೋಣೆಗಳೂ ಯುವಜನರು ಕೂಡುವ ತಾಣಗಳೂ ಆದವು.

ಸರ್ಕಾರಿ ಕಾರ್ಯಕ್ರಮಗಳು ಮತ್ತು ಭೂಮಿಯ ಹಕ್ಕು

ಸ್ವಾತಂತ್ರ್ಯಾನಂತರ 1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮವು ಜನರ ಪಾಲುಗೊಳ್ಳುವಿಕೆಯನ್ನು ರಾಷ್ಟ್ರೀಯ ನೀತಿಯಾಗಿಸಿತಾದರೂ ಅದರ ಗಮನ ಹಳ್ಳಿಗಳ ಮೇಲಿತ್ತು. ಕಾರ್ಯಕ್ರಮ ಅಧಿಕಾರಿಗಳದಾಗಿಯೇ ಉಳಿದು ಜನರದಾಗಲಿಲ್ಲವೆಂಬ ಕೊರತೆಯನ್ನು ಬಲವಂತರಾಯ್ ಮೆಹತಾ ಸಮಿತಿ 1957ರಲ್ಲೇ ಗುರುತಿಸಿತು. ಗಾಂಧಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಕಾಲೇಜು ವಿದ್ಯಾರ್ಥಿಗಳನ್ನು ಸ್ವಯಂಸೇವಕರಾಗಿ ಸಮಾಜದ ನಡುವೆ ತಂದಿತು. ಅದೇ ವರ್ಷ ಅಮೆರಿಕದ ಶೆರಿ ಆರ್ನ್‌ಸ್ಟೈನ್ ನಾಗರಿಕ ಪಾಲುಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿ, ಜನರಿಗೆ ಮಾಹಿತಿ ಕೊಡುವುದೂ ಅಭಿಪ್ರಾಯ ಕೇಳುವುದೂ ನಡುವಿನ ಮೆಟ್ಟಿಲುಗಳಷ್ಟೇ ಎಂದೂ, ನಿರ್ಣಯದ ಅಧಿಕಾರ ಜನರ ಕೈಗೆ ಬರುವುದೇ ಮೇಲಿನ ಮೆಟ್ಟಿಲೆಂದೂ ವಾದಿಸಿದರು. ನಾಗಪುರದ ಬಸ್ತಿಗಳ ಮಟ್ಟಿಗೆ ಈ ಮೇಲಿನ ಮೆಟ್ಟಿಲಿಗೆ ಹತ್ತಿರವಾದ ಬೆಳವಣಿಗೆ ಹಕ್ಕುಪತ್ರದ ಚಳವಳಿ. ದಶಕಗಳಿಂದ ವಾಸಿಸುತ್ತಿರುವ ನೆಲದ ಒಡೆತನಕ್ಕಾಗಿ ಬಸ್ತಿ ನಿವಾಸಿಗಳ ಸಂಘಟನೆಗಳು ನಡೆಸಿದ ಹೋರಾಟದ ಪರಿಣಾಮವಾಗಿ ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ಹಕ್ಕುಪತ್ರ ವಿತರಣೆ ಆರಂಭವಾಯಿತು. ಮನೆಯ ನೆಲ ಸ್ಥಿರವಾದಾಗ ಮಕ್ಕಳ ಶಾಲೆಯೂ ಸ್ಥಿರವಾಗುವುದರಿಂದ ಯುವಜನಾಭಿವೃದ್ಧಿಯ ದೃಷ್ಟಿಯಿಂದಲೂ ಇದಕ್ಕೆ ಮಹತ್ವವಿದೆ.

ಝೋಪಡಪಟ್ಟಿ (ಕೊಳೆಗೇರಿ) ಫುಟ್ಬಾಲ್

ನಾಗಪುರದ ಹಿಸ್ಲಾಪ್ ಕಾಲೇಜಿನ ಕ್ರೀಡಾ ಶಿಕ್ಷಕರಾಗಿದ್ದ ವಿಜಯ್ ಬಾರ್ಸೆ 2001ರಲ್ಲಿ ಆರಂಭಿಸಿದ ಸ್ಲಮ್ ಸಾಕರ್, ಬಸ್ತಿಯ ಯುವಜನರನ್ನೇ ಕೇಂದ್ರವಾಗಿಟ್ಟುಕೊಂಡ ಕಾರ್ಯಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಕ್ರೀಡಾ ವಿಕಾಸ ಸಂಸ್ಥೆಯೆಂಬ ಹೆಸರಿನಲ್ಲಿ ಕೆಲಸ ಮಾಡುವ ಈ ಸಂಘಟನೆ ಕೊಳೆಗೇರಿಯ ಮಕ್ಕಳ ಪಂದ್ಯಾವಳಿಗಳಿಂದ ತೊಡಗಿ, ಆಟದ ಮೂಲಕ ಆರೋಗ್ಯ, ಕಲಿಕೆ ಮತ್ತು ಲಿಂಗಸಮಾನತೆಯ ಪಾಠಗಳನ್ನು ಹೇಳಿಕೊಡುವ ಹಂತಕ್ಕೆ ಬೆಳೆಯಿತು. ಇದು ಬಳಸುವ ಕ್ರಮಗಳಲ್ಲೊಂದಾದ ‘ಫುಟ್ಬಾಲ್ ಮೂರು’ 1990ರ ದಶಕದಲ್ಲಿ ಕೊಲಂಬಿಯಾದ ಮೆಡೆಲಿನ್ ನಗರದ ಹಿಂಸಾಚಾರದ ಹಿನ್ನೆಲೆಯಲ್ಲಿ ರೂಪುಗೊಂಡಿತು. ಇದರಲ್ಲಿ ಪಂದ್ಯಕ್ಕೆ ಮೂರು ಭಾಗಗಳಿರುತ್ತವೆ: ಮೊದಲು ಎರಡೂ ತಂಡಗಳು ಕೂತು ನಿಯಮಗಳನ್ನು ಒಪ್ಪಿಕೊಳ್ಳುತ್ತವೆ, ಬಳಿಕ ಹುಡುಗ ಹುಡುಗಿಯರು ಒಟ್ಟಾಗಿ ತೀರ್ಪುಗಾರನಿಲ್ಲದೆ ಆಡುತ್ತಾರೆ, ಕೊನೆಗೆ ಆಟ ನ್ಯಾಯವಾಗಿತ್ತೇ ಎಂದು ಚರ್ಚಿಸಿ ಅದಕ್ಕೂ ಅಂಕ ಕೊಟ್ಟುಕೊಳ್ಳುತ್ತಾರೆ. ಆಟಗಾರರಾಗಿ ಬಂದವರಲ್ಲಿ ಹಲವರು ತರಬೇತುದಾರರಾಗಿ ಮುಂದುವರಿಯುವುದರಿಂದ ನಾಯಕತ್ವ ಬಸ್ತಿಯೊಳಗೇ ಉಳಿಯುತ್ತದೆ. 2003ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಆರಂಭವಾದ ನಿರಾಶ್ರಿತರ ವಿಶ್ವಕಪ್ಪಿನಲ್ಲಿ ಭಾರತದ ತಂಡಗಳು ಈ ಸಂಸ್ಥೆಯ ಮೂಲಕ ಭಾಗವಹಿಸಿವೆ. 2016ರಲ್ಲಿ ಸಂಸ್ಥೆಗೆ ಫಿಫಾದ ವೈವಿಧ್ಯ ಪ್ರಶಸ್ತಿ ದೊರೆಯಿತು. ನಾಗರಾಜ ಮಂಜುಳೆ ನಿರ್ದೇಶನದ ‘ಝುಂಡ್’ ಎಂಬ 2022ರ ಹಿಂದಿ ಚಲನಚಿತ್ರ ಬಾರ್ಸೆಯವರ ಬದುಕನ್ನು ಆಧರಿಸಿದೆ.

ಕಂಪನಿ ಕಾಯಿದೆ ಮತ್ತು ನೌಕರರ ಸ್ವಯಂಸೇವೆ

2014ರ ಏಪ್ರಿಲ್ 1ರಿಂದ ಜಾರಿಗೆ ಬಂದ 2013ರ ಕಂಪನಿ ಕಾಯಿದೆಯ 135ನೆಯ ಕಲಮು ಉದ್ಯಮದ ದಾನವನ್ನು ಶಾಸನಬದ್ಧ ಹೊಣೆಯಾಗಿ ಮಾರ್ಪಡಿಸಿತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ರೂಪಾಯಿ ವಹಿವಾಟು ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭ ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು, ತಾನು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ನೀಡಬೇಕು. ಅಂಗೀಕೃತ ಕಾರ್ಯಗಳನ್ನು ಹೆಸರಿಸುವ ಏಳನೆಯ ಅನುಸೂಚಿಗೆ 2014ರ ಆಗಸ್ಟಿನಲ್ಲಿ ಕೊಳೆಗೇರಿ ಅಭಿವೃದ್ಧಿಯನ್ನೂ ಸೇರಿಸಲಾಯಿತು.

ನೌಕರರ ಸಮಯವನ್ನು ಹೇಗೆ ಲೆಕ್ಕ ಹಾಕಬೇಕೆಂಬ ಪ್ರಶ್ನೆ ಇಲ್ಲಿ ತಲೆದೋರಿತು. ಸ್ವಯಂಸೇವೆಗೆ ಬಳಸಿದ ಗಂಟೆಗಳ ಸಂಬಳವನ್ನು ಯೋಜನೆಯ ವೆಚ್ಚವಾಗಿ ತೋರಿಸಬಹುದೆಂದು 2014ರ ಜೂನಿನ ಸರ್ಕಾರಿ ಸುತ್ತೋಲೆ ತಿಳಿಸಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಅವಕಾಶವನ್ನು ಕೈಬಿಡಲಾಯಿತು. ನೌಕರರನ್ನು ಈ ಕಾರ್ಯಗಳಲ್ಲಿ ತೊಡಗಿಸುವುದು ಪ್ರೋತ್ಸಾಹಾರ್ಹವಾದರೂ ಅವರ ಸೇವೆಗೆ ಬೆಲೆ ಕಟ್ಟಿ ಶಾಸನಬದ್ಧ ವೆಚ್ಚದಲ್ಲಿ ಸೇರಿಸುವಂತಿಲ್ಲವೆಂದು 2016ರ ಜನವರಿಯ ಸ್ಪಷ್ಟೀಕರಣ ಹೇಳಿತು. ಹೀಗಾಗಿ ಭಾರತದಲ್ಲಿ ಕಾರ್ಪೊರೇಟ್ ಸ್ವಯಂಸೇವೆ ಕಾನೂನಿನ ಲೆಕ್ಕದಿಂದ ಹೊರಗಿದ್ದು, ಸಂಸ್ಥೆಯ ಇಚ್ಛೆ ಮತ್ತು ನೌಕರನ ಮನಸ್ಸನ್ನೇ ಅವಲಂಬಿಸಿದೆ. 2014ರಲ್ಲಿ ಆರಂಭವಾದ ಟಾಟಾ ಸಮೂಹದ ‘ಟಾಟಾ ಎಂಗೇಜ್’ ಇಂಥ ಕಾರ್ಯಕ್ರಮಗಳಲ್ಲಿ ದೊಡ್ಡದು. ಅದರಲ್ಲಿ ನಿಗದಿತ ಸ್ವಯಂಸೇವಾ ಸಪ್ತಾಹದ ಜೊತೆಗೆ, ಸೇವಾಸಂಸ್ಥೆಯೊಂದಕ್ಕೆ ತಿಂಗಳುಗಟ್ಟಲೆ ವೃತ್ತಿಕೌಶಲ ನೀಡುವ ವಿಭಾಗವೂ ಇದೆ. ನಗರದ ದಕ್ಷಿಣದ ಮಿಹಾನ್ ಉದ್ಯಮ ಪ್ರದೇಶಕ್ಕೆ ಟಿಸಿಎಸ್, ಇನ್ಫೋಸಿಸ್, ಎಚ್‌ಸಿಎಲ್‌ನಂಥ ಸಂಸ್ಥೆಗಳು ಬಂದುದರಿಂದ ನಾಗಪುರದಲ್ಲೂ ಈ ಬಗೆಯ ಸ್ವಯಂಸೇವೆಗೆ ಅವಕಾಶ ಹೆಚ್ಚಿದೆ.

ಕರ್ನಾಟಕದೊಂದಿಗೆ ಹೋಲಿಕೆ

ಕರ್ನಾಟಕದಲ್ಲಿ ಇದೇ ಸಂಬಂಧ ಬೇರೆ ರೂಪಗಳನ್ನು ಪಡೆಯಿತು. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳೂ ಸೇರಿ ಉಜಿರೆಯಲ್ಲಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ಗ್ರಾಮೀಣ ಯುವಜನರಿಗೆ ಉಚಿತ ಊಟ ವಸತಿಯೊಡನೆ ಅಲ್ಪಾವಧಿ ತರಬೇತಿ ಕೊಟ್ಟು, ತರಬೇತಿಯ ನಂತರವೂ ಅವರ ಸಂಪರ್ಕದಲ್ಲಿದ್ದು ಬ್ಯಾಂಕ್ ಸಾಲಕ್ಕೆ ನೆರವಾಗುತ್ತದೆ. ಈ ಮಾದರಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಸ್ವೀಕರಿಸಿ, ಬ್ಯಾಂಕುಗಳ ಹೊಣೆಯಲ್ಲಿ ಜಿಲ್ಲೆಗೊಂದು ಸ್ವಉದ್ಯೋಗ ತರಬೇತಿ ಸಂಸ್ಥೆ ಎಂಬ ಯೋಜನೆಯಾಗಿ ದೇಶಕ್ಕೆ ವಿಸ್ತರಿಸಿತು. ಬೆಂಗಳೂರಿನಲ್ಲಿ 1999ರಲ್ಲಿ ಹುಟ್ಟಿದ ‘ಡ್ರೀಮ್ ಎ ಡ್ರೀಮ್’ ಸಂಸ್ಥೆ ಕಂಪನಿಗಳ ನೌಕರರೂ ಸೇರಿದಂತೆ ನಗರದ ಸ್ವಯಂಸೇವಕರನ್ನು ಬಡಕುಟುಂಬಗಳ ಹದಿಹರೆಯದವರಿಗೆ ಮಾರ್ಗದರ್ಶಕರನ್ನಾಗಿ ಜೋಡಿಸಿತು. ಇಲ್ಲಿಯೂ ಒತ್ತು ಬಿದ್ದದ್ದು ದೀರ್ಘಕಾಲದ ಒಡನಾಟದ ಮೇಲೆ.

ವಿಮರ್ಶೆ ಮತ್ತು ಮೌಲ್ಯಮಾಪನ

ಕಾರ್ಪೊರೇಟ್ ಸ್ವಯಂಸೇವೆಯ ವಿರುದ್ಧ ಕೇಳಿಬರುವ ಮುಖ್ಯ ಆಕ್ಷೇಪ ಅದರ ಅಲ್ಪಾಯುಷ್ಯ. ಒಂದು ದಿನ ಗೋಡೆಗೆ ಬಣ್ಣ ಬಳಿದು, ಪುಸ್ತಕ ಹಂಚಿ ಹೋಗುವ ಕಾರ್ಯಕ್ರಮದಿಂದ ಯುವಕನ ಉದ್ಯೋಗಾವಕಾಶ ಬದಲಾಗುವುದಿಲ್ಲ; ಸಂದರ್ಶನಕ್ಕೆ ಸಿದ್ಧಪಡಿಸುವುದು, ಲೆಕ್ಕಪತ್ರ ಅಥವಾ ಕಂಪ್ಯೂಟರ್ ಕಲಿಸುವುದು, ವರ್ಷಕಾಲ ಒಬ್ಬನ ಜೊತೆಗಿರುವುದು ಫಲ ಕೊಡುತ್ತದೆ. ಎರಡನೆಯ ಆಕ್ಷೇಪ ಕಾನೂನಿನ ರಚನೆಯದು. 2021ರ ತಿದ್ದುಪಡಿ ನಿಯಮಗಳು ಅನುಷ್ಠಾನ ಸಂಸ್ಥೆಗಳ ನೋಂದಣಿಯನ್ನು ಕಡ್ಡಾಯಗೊಳಿಸಿ, ಆಡಳಿತ ವೆಚ್ಚವನ್ನು ಶೇ. 5ಕ್ಕೆ ಮಿತಿಗೊಳಿಸಿ, ದೊಡ್ಡ ಯೋಜನೆಗಳ ಪರಿಣಾಮದ ಅಧ್ಯಯನವನ್ನು ವಿಧಿಸಿ ಪಾರದರ್ಶಕತೆಯನ್ನು ಹೆಚ್ಚಿಸಿದವು. ಆದರೆ ಕಾಗದಪತ್ರದ ಬಲವಿಲ್ಲದ ಬಸ್ತಿ ಮಂಡಳಿ, ಮಹಿಳಾ ಸಂಘ ಅಥವಾ ಯುವಕ ಸಂಘಗಳು ಈ ಹಣವನ್ನು ನೇರವಾಗಿ ಪಡೆಯುವುದು ಇದರಿಂದ ಕಷ್ಟವಾಯಿತು.

ನಾಗಪುರದ ಇತಿಹಾಸದಲ್ಲಿ ಕಂಪನಿಯ ನೆರವು ಬಂದೂ ಇದೆ, ನಿಂತೂ ಹೋಗಿದೆ. ಗಿರಣಿಯ ಕಲ್ಯಾಣ ಗಿರಣಿಯೊಡನೆ ಮುಗಿಯಿತು, ಶಾಸನದ ಶೇ. 2 ಲಾಭವನ್ನು ಅವಲಂಬಿಸಿದೆ. ಬನಸೋಡೆ ಮತ್ತು ಜಾಯಿಬಾಯಿ ಅವರ ಶಾಲೆಗಳಿಂದ ಹಕ್ಕುಪತ್ರದ ಚಳವಳಿಯವರೆಗೆ ಬಸ್ತಿಯವರು ಕಟ್ಟಿದ ಸಂಸ್ಥೆಗಳು ಅಂಥ ನೆರವಿಗೆ ಕಾಯಲಿಲ್ಲ. ಕಳಮನಾದಂಥ ದುಡಿಮೆಗಾರರ ಪ್ರದೇಶಗಳಲ್ಲಿ ಕಾರ್ಪೊರೇಟ್ ಸ್ವಯಂಸೇವೆ ಇಂಥ ಸಂಸ್ಥೆಗಳಿಗೆ ಪೂರಕವಾದಾಗ ಉಪಯುಕ್ತವಾಗುತ್ತದೆ. ಅವುಗಳ ಸ್ಥಾನವನ್ನು ತಾನು ತುಂಬಲಾರದು.