ರಾಗಿ ಸರಿಯ ತೆಳುತನ: ಮೊಳಕೆಯಿಂದಲೋ, ನೀರಿನಿಂದಲೋ?

ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಮೇಲಾಹಾರ ಬೇಕೆಂಬುದರಲ್ಲಿ ತಕರಾರಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ಆ ಆಹಾರ ಬಹುಮಟ್ಟಿಗೆ ರಾಗಿ ಸರಿ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ಎಂಬುದೂ ಸರ್ವಸಮ್ಮತ. ವಿವಾದವಿರುವುದು ಮೊಳಕೆಯ ವಿಷಯದಲ್ಲಿ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1982ರಲ್ಲಿ, ಮೊಳಕೆ ಬರಿಸಿದ ರಾಗಿ ಹಾಗೂ ಹೆಸರುಕಾಳಿನಿಂದ, ಬೆಂದ ಮೇಲೂ ಗಟ್ಟಿಯಾಗದ ಶಿಶು ಆಹಾರವೊಂದನ್ನು ರೂಪಿಸಿದರು. ಮೊಳೆಯುವಾಗ ಹೆಚ್ಚುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟು ಹೆಚ್ಚಿಸಿದರೂ ಸರಿ ತೆಳುವಾಗಿಯೇ ಉಳಿಯುತ್ತದೆ. ಆದರೆ ಮೊಳಕೆ ರಾಗಿಯ ಸರಿ ಕುಡಿದ ಪ್ರತಿ ಮಗುವಿಗೂ ಹೆಚ್ಚು ಶಕ್ತಿ ದಕ್ಕುತ್ತದೆ ಎಂಬ ಪ್ರಚಲಿತ ನಂಬಿಕೆಗೆ ಈ ಶೋಧ ಆಧಾರವಾಗಲಾರದು.

ಅಳತೆಯನ್ನೇ ನೋಡೋಣ. 10 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 33 ಕ್ಯಾಲೊರಿ; ಮೊಳಕೆ ಅದನ್ನು ಏರಿಸುವುದಿಲ್ಲ. ಸರಿಯ ಹದ ನೋಡಿ ಹಿಟ್ಟು ಸೇರಿಸುವ ತಾಯಿಗೆ ಮೊಳಕೆಯಿಂದ ಲಾಭವುಂಟು: ಅದೇ ಹದಕ್ಕೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಚಮಚದ ಲೆಕ್ಕದಲ್ಲಿ ಹಾಕುವವರಿಗೆ ದಕ್ಕುವುದು ಅಷ್ಟೇ ಕ್ಯಾಲೊರಿಯ ಇನ್ನಷ್ಟು ತೆಳುವಾದ ಸರಿ. ಬಾಟಲಿಯ ನಿಪ್ಪಲ್‌ನಲ್ಲಿ ಇಳಿಯಲೆಂದು ನೀರು ಬೆರೆಸಿದರೆ, ಮಗುವಿನ ಹೊಟ್ಟೆ ತುಂಬುವುದು ನೀರಿನಿಂದ. 100 ಮಿ.ಲೀ. ಹಸುವಿನ ಹಾಲು ಬೆರೆಸಿದರೆ ಸುಮಾರು 65 ಕ್ಯಾಲೊರಿ ಕೂಡುತ್ತದೆ, ನಿಜ. ಆದರೆ ಆ ಶ್ರೇಯಸ್ಸು ಹಾಲಿನದು, ಮೊಳಕೆಯದಲ್ಲ.

ಇನ್ನು ಶಾಖದ ಪ್ರಶ್ನೆ. ಮೊಳಕೆ ಕಟ್ಟಿದ ರಾಗಿಯನ್ನು ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಬೀಸಿ, ವಸ್ತ್ರಗಾಳಿತ ಮಾಡುವುದು ಮನೆಯ ರೂಢಿ. ಹುರಿದಾಗ ಪರಿಮಳ ಬರುತ್ತದೆ. ಕಾವು ಮೀರಿದರೆ ಕಿಣ್ವ ನಾಶವಾಗುತ್ತದೆ. ಕುದಿಯುವ ನೀರಿಗೆ ಹಿಟ್ಟು ಸುರಿದರೂ ಕಿಣ್ವಕ್ಕೆ ಕೆಲಸ ಮಾಡಲು ಹೊತ್ತು ಸಿಗದು. ಗಂಟು ಕಟ್ಟದಿರಲೆಂದು ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸುವ ಪದ್ಧತಿ ಮಾತ್ರ, ಉದ್ದೇಶ ಬೇರೆಯಾದರೂ, ಕಿಣ್ವಕ್ಕೆ ಅನುಕೂಲ.

ಹೀಗಾಗಿ, ಹುರಿದ ಹಿಟ್ಟಿನಿಂದ ಮಾಡಿದ ಸರಿಯ ತೆಳುತನಕ್ಕೆ ಮೊಳಕೆಗಿಂತ ನೀರೇ ಹೆಚ್ಚು ಕಾರಣವಿರಬಹುದು ಎಂಬುದು ನನ್ನ ವಾದ. ಹುರಿಯುವ ಪ್ರಮಾಣ ಮನೆಯಿಂದ ಮನೆಗೆ ಬದಲಾಗುವುದರಿಂದ ಇದನ್ನು ಎಲ್ಲ ಸರಿಗೂ ಅನ್ವಯಿಸಲಾಗದು. ಹಗುರಾಗಿ ಬೆಚ್ಚಗೆ ಮಾಡಿದ ಹಿಟ್ಟಿನಲ್ಲಿ ಕಿಣ್ವ ಸಾಕಷ್ಟು ಉಳಿದೀತು. ಖನಿಜಗಳ ಹೀರಿಕೆಗೆ ಅಡ್ಡಿಯಾಗುವ ಫೈಟೇಟ್ ಮೊಳಕೆಯಿಂದ ತಗ್ಗುವ ಲಾಭವನ್ನೂ ಈ ವಾದ ಅಲ್ಲಗಳೆಯುವುದಿಲ್ಲ. ಮನೆಯಲ್ಲಿ ಹುರಿದ ಹಿಟ್ಟಿನಲ್ಲಿ ಎಷ್ಟು ಅಮೈಲೇಸ್ ಉಳಿಯುತ್ತದೆ, ತಾಯಂದಿರು ಹದ ನೋಡುತ್ತಾರೋ ಚಮಚ ಎಣಿಸುತ್ತಾರೋ ಎಂಬೆರಡನ್ನೂ ಒಟ್ಟಿಗೆ ಅಳೆಯದೆ ಈ ಪ್ರಶ್ನೆ ಇತ್ಯರ್ಥವಾಗದು.