ಹೊರಕಿವಿ ನಾಳದ ವಿರಳ ಸೌಮ್ಯ ಗಡ್ಡೆಗಳು: ಆಸ್ಟಿಯೋಮ ಮತ್ತು ಗುಗ್ಗೆ ಗ್ರಂಥಿಯ ಅಡಿನೋಮ

ಹೊರಕಿವಿ ನಾಳದ ಉದ್ದ ಸುಮಾರು 2.5 ಸೆಂ.ಮೀ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿಯದು. ಕೂದಲೂ ಗುಗ್ಗೆ ಸ್ರವಿಸುವ ಗ್ರಂಥಿಗಳೂ ಇರುವುದು ಇಲ್ಲಿಯೇ. ಉಳಿದದ್ದು ಮೂಳೆ. ಅದರ ಮೇಲಿನ ಚರ್ಮ ಕೇವಲ 0.2 ಮಿ.ಮೀ.ನಷ್ಟು ದಪ್ಪವಿದ್ದು ಮೂಳೆಪೊರೆಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಗಡ್ಡೆ ಹುಟ್ಟಿದ ಜಾಗವೇ ಅದು ಯಾವ ಬಗೆಯದೆಂಬ ಮೊದಲ ಸುಳಿವು.

ಆಸ್ಟಿಯೋಮ ಸಾಮಾನ್ಯವಾಗಿ ಒಂದೇ ಕಿವಿಯಲ್ಲಿ, ಒಂಟಿಯಾಗಿ, ಮೂಳೆಗಳು ಕೂಡುವ ಹೊಲಿಗೆಗೆರೆಯ ಮೇಲೆ ತೊಟ್ಟಿನೊಂದಿಗೆ ಬೆಳೆಯುತ್ತದೆ. ತಣ್ಣೀರಿನಲ್ಲಿ ವರ್ಷಗಟ್ಟಲೆ ಈಜುವವರಲ್ಲಿ, ಸರ್ಫಿಂಗ್ ಮಾಡುವವರಲ್ಲಿ ಕಾಣುವ ಎಕ್ಸೋಸ್ಟೋಸಿಸ್ ಬೇರೆ. ಅದು ಎರಡೂ ಕಿವಿಗಳಲ್ಲಿ ಅಗಲ ಬುಡದ ಹಲವು ಉಬ್ಬುಗಳಾಗಿ ಏಳುತ್ತದೆ. ಚಿಕ್ಕ ಆಸ್ಟಿಯೋಮ ತೊಂದರೆ ಕೊಡದಿದ್ದರೆ ಮುಟ್ಟಬೇಕಿಲ್ಲ. ಗುಗ್ಗೆ ಕಟ್ಟಿ ಪದೇ ಪದೇ ಸೋಂಕಾಗುತ್ತಿದ್ದರೆ, ಕಿವಿ ಮಂದವಾಗಿದ್ದರೆ ತೆಗೆಯಲೇಬೇಕು. ಗಡ್ಡೆಯ ಹಿಂದೆ ಕೊಲೆಸ್ಟಿಯಟೋಮ ಅಡಗಿರಬಹುದಾದ್ದರಿಂದ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿಸುವುದು ಅಗತ್ಯ.

ಈ ಶಸ್ತ್ರಚಿಕಿತ್ಸೆಯಲ್ಲಿ ಕಷ್ಟ ಮೂಳೆಯದಲ್ಲ, ಚರ್ಮದ್ದು. ಅದನ್ನು ಹರಿಯದಂತೆ ಬಿಡಿಸಿ, ಕಿವಿತಮಟೆಯತ್ತ ಸರಿಸಿ, ಸಿಲಾಸ್ಟಿಕ್ ಹಾಳೆಯಿಂದ ಕಾಪಾಡಿಕೊಳ್ಳಬೇಕು. ಕಳೆದುಕೊಂಡರೆ ಗಾಯ ಮಾಯುವಾಗ ನಾಳವೇ ಕಿರಿದಾದೀತು. ತೊಟ್ಟು ಸಣ್ಣದಿದ್ದರೆ ಪುಟ್ಟ ಉಳಿಯ ಒಂದೆರಡು ಏಟಿಗೆ ಗಡ್ಡೆ ಕಳಚುತ್ತದೆ. ಬುಡ ಅಗಲವಿದ್ದರೆ ಡ್ರಿಲ್‌ನಿಂದ ನಡುಭಾಗವನ್ನು ಟೊಳ್ಳು ಮಾಡುತ್ತಾ ಹೋಗಿ, ಮೊಟ್ಟೆಯ ಚಿಪ್ಪಿನಷ್ಟು ತೆಳು ಪದರ ಉಳಿದ ಮೇಲೆ ಅದನ್ನು ಒಳಮುಖವಾಗಿ ಮುರಿಯುವುದು ಕ್ಷೇಮ. ಮುಂಗೋಡೆಯ ಆಚೆ ದವಡೆಯ ಕೀಲಿದೆ. ಹಿಂಬದಿಯ ಕೆಳಗೋಡೆಯಲ್ಲಿ ಮುಖದ ನರ ಕೆಲವರಲ್ಲಿ ತಮಟೆಯ ಅಂಚಿಗಿಂತ ಹೊರಗೇ ಹಾದುಹೋಗುತ್ತದೆ. ತಿರುಗುವ ಡ್ರಿಲ್ ಸುತ್ತಿಗೆ ಮೂಳೆಗೆ ತಾಗಿದರೆ ಒಳಕಿವಿಗೆ ಶಾಶ್ವತ ಹಾನಿಯಾಗಬಹುದು.

ಗುಗ್ಗೆ ಗ್ರಂಥಿಯ ಅಡಿನೋಮ ಇನ್ನೂ ವಿರಳ. ಮೃದ್ವಸ್ಥಿ ಭಾಗದಲ್ಲಿ, ನೋವಿಲ್ಲದೆ, ಚರ್ಮ ಮುಚ್ಚಿದ ಉಬ್ಬಾಗಿ ನಿಧಾನವಾಗಿ ಬೆಳೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಗ್ರಂಥಿನಾಳಗಳ ಸುತ್ತ ಜೀವಕೋಶಗಳ ಎರಡು ಪದರ ಕಾಣುತ್ತದೆ. ಒಳಪದರದಲ್ಲಿ ಹಳದಿ-ಕಂದು ವರ್ಣಕದ ಕಣಗಳಿರುತ್ತವೆ. ಇದಕ್ಕೆ ಸ್ಪಷ್ಟ ಹೊದಿಕೆಯಿಲ್ಲದ ಕಾರಣ ಸುತ್ತಲಿನ ಆರೋಗ್ಯವಂತ ಅಂಗಾಂಶದ ಅಂಚನ್ನೂ ಸೇರಿಸಿ ತೆಗೆಯಬೇಕು. 2004ರಲ್ಲಿ ಥಾಮ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ 41 ರೋಗಿಗಳ ಅಧ್ಯಯನದಲ್ಲಿ ಮರುಕಳಿಸಿದವು ಪೂರ್ತಿ ತೆಗೆಯದೆ ಬಿಟ್ಟಿದ್ದ ಗಡ್ಡೆಗಳೇ. ಇದನ್ನೇ ಹೋಲುವ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ನರಗಳ ಗುಂಟ ಹಬ್ಬುವ ಕ್ಯಾನ್ಸರ್; ಅಲ್ಲಿ ನೋವು ಹೆಚ್ಚು. ಹೊರರೋಗಿ ವಿಭಾಗದಲ್ಲಿ ಚಿವುಟಿ ತೆಗೆದ ಮೇಲ್ಪದರದ ಚೂರು ಇವೆರಡನ್ನೂ ಬೇರ್ಪಡಿಸಲು ಅನೇಕ ಸಲ ಸಾಲದು.

ಆದ್ದರಿಂದ ಕಿವಿ ನಾಳದಿಂದ ತೆಗೆದ ಗಡ್ಡೆ ಎಷ್ಟೇ ಚಿಕ್ಕದಿರಲಿ, ಎಷ್ಟೇ ಸೌಮ್ಯವಾಗಿ ಕಾಣಲಿ, ಅದನ್ನು ಇಡಿಯಾಗಿ ರೋಗಶಾಸ್ತ್ರ ವಿಭಾಗಕ್ಕೆ ಕಳಿಸಬೇಕೆಂದು ಶಸ್ತ್ರವೈದ್ಯ ಮಿತ್ರರಲ್ಲಿ ನನ್ನ ವಿನಂತಿ.